ಸಿಂಥೆಟಿಕ್ ಎಣ್ಣೆಯೂ ನನ್ನ ಸಾಕ್ಷ್ಯವೂ

ಕಳೆದ ಡಿಸೆಂಬರಿನ ಒಂದು ಮಂಗಳವಾರ, ಬೆಳಿಗ್ಗೆ ಒಂಬತ್ತಕ್ಕೆ ಐದು ನಿಮಿಷ ಇರುವಾಗ, ನಾನು ಬಣಕಲ್ಲಿನಲ್ಲಿ ಬಸ್ಸು ನಿಲ್ಲುವ ಜಾಗದ ಎದುರು, ಮಲ್ಲಣ್ಣನವರ ದಿನಸಿ ಅಂಗಡಿಯ ಮೂರನೆಯ ಮೆಟ್ಟಿಲಿನ ಮೇಲೆ ನಿಂತಿದ್ದೆ. ಮೆಟ್ಟಿಲುಗಳು ಒಟ್ಟು ನಾಲ್ಕು. ಬಲಗೈಯಲ್ಲಿ ಬೆಲ್ಲದ ಪೊಟ್ಟಣ ಇತ್ತು. ಮುಖ ರಸ್ತೆಯ ಕಡೆಗಿತ್ತು. ಆದ್ದರಿಂದ ಮುಂದೆ ಹೇಳುವುದೆಲ್ಲ ನಾನು ಕಣ್ಣಾರೆ ಕಂಡದ್ದು, ಯಾರೋ ಹೇಳಿ ಕೇಳಿದ್ದಲ್ಲ. ಇಷ್ಟು ವಿವರ ಯಾಕೆಂದರೆ, ಒಂಬತ್ತಕ್ಕೆ ಆರು ನಿಮಿಷ ಇರುವವರೆಗೂ ಊರಿನಲ್ಲಿ ನನ್ನ ಮಾತಿಗೆ ಒಂದು ತೂಕ ಇತ್ತು.

ಆ ತೂಕ ಬಂದದ್ದು ನನ್ನ ಕೆಲಸದಿಂದ. ನಾನು ಮೂವತ್ತೆರಡು ವರ್ಷ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಆಗಿದ್ದೆ. ಆಳುಗಳ ಹಾಜರಿ, ಕೊಯ್ದ ಹಣ್ಣಿನ ತೂಕ, ಬಿದ್ದ ಮಳೆ, ಇವನ್ನೆಲ್ಲ ಬರೆದಿಡುವವನೇ ಎಸ್ಟೇಟಿನ ರೈಟರ್. ಇವುಗಳಲ್ಲಿ ನನಗೆ ಪ್ರಿಯವಾದದ್ದು ಮಳೆ. ದಿನಾ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಮಳೆಮಾಪಕದ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಅಳೆದು ಬರೆಯುತ್ತಿದ್ದೆ. ನಮ್ಮ ಕಡೆ ಇವತ್ತಿಗೂ ಮಳೆಯನ್ನು ಇಂಚು, ಸೆಂಟುಗಳಲ್ಲೇ ಹೇಳುತ್ತಾರೆ. ನೂರು ಸೆಂಟಿಗೆ ಒಂದು ಇಂಚು. ಒಮ್ಮೆ ನಮ್ಮ ಸಾಹುಕಾರರು ನೆಂಟರ ಮುಂದೆ, "ನಿನ್ನೆ ನಮ್ಮಲ್ಲಿ ನಾಲ್ಕು ಇಂಚು" ಎಂದಾಗ, ನಾನು ಬಾಗಿಲ ಬಳಿಯಿಂದ, "ಮೂರು ಇಂಚು ತೊಂಬತ್ತೆರಡು ಸೆಂಟು" ಎಂದಿದ್ದೆ. ಸಾಹುಕಾರರಿಗೆ ಸಿಟ್ಟು ಬಂತು, ನೆಂಟರಿಗೆ ನಗು ಬಂತು. ಆದರೆ ಆವತ್ತಿನಿಂದ "ರೈಟರು ಹೇಳಿದ ಮೇಲೆ ಮುಗೀತು" ಎನ್ನುವ ಮಾತು ಊರಿನಲ್ಲಿ ಚಾಲ್ತಿಗೆ ಬಂತು. ಇಂಥ ಮಾತು ಒಬ್ಬ ಮನುಷ್ಯನಿಗೆ ಎಷ್ಟು ಕೆಡುಕು ಮಾಡಬಹುದು ಎಂದು ಆಗ ನನಗೆ ಹೊಳೆಯಲಿಲ್ಲ.

ನಿವೃತ್ತನಾದ ಮೇಲೆ ಮಳೆಮಾಪಕ ಎಸ್ಟೇಟಿನಲ್ಲೇ ಉಳಿಯಿತು, ಬೆಳಗಿನ ಎಂಟು ಗಂಟೆ ಮಾತ್ರ ನನ್ನ ಜೊತೆ ಮನೆಗೆ ಬಂತು. ಏನನ್ನಾದರೂ ಅಳೆಯದೆ ಕೂರಲಾಗುತ್ತಿರಲಿಲ್ಲ. ಹೆಂಡತಿ ಶಾಂತಲಾ ಹಾಲು ಅಳೆಯಲು ಬಿಡಲಿಲ್ಲ. ಕೊನೆಗೆ ಸಿಕ್ಕಿದ್ದು ನಮ್ಮ ಹದಿನಾಲ್ಕು ವರ್ಷದ ಹಳೆಯ ಕಾರು. ಅದರ ಎಂಜಿನ್ನಿನ ಪಕ್ಕದಲ್ಲಿ ಎಣ್ಣೆ ಎಷ್ಟಿದೆ ಎಂದು ನೋಡುವ ಒಂದು ಉದ್ದನೆಯ ಕಡ್ಡಿ ಇದೆ. ತುದಿಯಲ್ಲಿ ಮೇಲೊಂದು ಗುರುತು, ಕೆಳಗೊಂದು ಗುರುತು. ದಿನಾ ಎಂಟಕ್ಕೆ ಕಡ್ಡಿ ಎಳೆದು, ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ, ಎತ್ತಿ, ಕನ್ನಡಕ ಸರಿಮಾಡಿಕೊಂಡು ನೋಡಿ, ಕ್ಯಾಲೆಂಡರಿನ ಹಿಂದೆ ಬರೆಯತೊಡಗಿದೆ. ಜೂನಿನಿಂದ ನವೆಂಬರಿನವರೆಗೆ ಎಣ್ಣೆ ಮೇಲಿನ ಗುರುತಿನಿಂದ ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ. ಅದು ಮಾಮೂಲಿ ಎಣ್ಣೆ.

ನವೆಂಬರ್ ಕೊನೆಗೆ ಎಣ್ಣೆ ಬದಲಾಯಿಸುವ ಸಮಯ ಬಂತು. ಆ ಹೊತ್ತಿಗೆ ಸರಿಯಾಗಿ ಚಿಕ್ಕಮಗಳೂರಿನಿಂದ ಶಾಂತಲಾಳ ತಮ್ಮ ರುದ್ರೇಶ ಬಂದ. ಅವನಿಗೆ ಹಾರ್ಡ್‌ವೇರ್ ಅಂಗಡಿ ಇದೆ. ಅಂಗಡಿಯಲ್ಲಿ ಇರದ ಸಾಮಾನಿನ ಬಗ್ಗೆಯೂ ಅಭಿಪ್ರಾಯ ಇದೆ.

"ಭಾವ, ನೀವಿನ್ನೂ ಮಾಮೂಲಿ ಆಯಿಲ್ಲೇ ಹಾಕ್ಸೋದಾ? ಈಗೆಲ್ಲ ಸಿಂಥೆಟಿಕ್ಕು" ಎಂದ.

ಎರಡಕ್ಕೂ ಏನು ವ್ಯತ್ಯಾಸ ಎಂದು ಕೇಳಿದೆ. ಅವನು ನನಗೆ ಅರ್ಥವಾಗುವ ಭಾಷೆಯಲ್ಲೇ ಹೇಳಿದ. "ಗ್ರೇಡ್ ಮಾಡದ ಕಾಫಿ ನೋಡಿದ್ದೀರಲ್ಲ? ದಪ್ಪ ಬೀಜ, ಸಣ್ಣ ಬೀಜ, ಒಡಕು, ಎಲ್ಲಾ ಒಟ್ಟಿಗೆ. ಮಾಮೂಲಿ ಆಯಿಲ್ ಅಂದ್ರೆ ಅದು. ನೆಲದಿಂದ ತೆಗೆದು ಸೋಸಿದ್ದು. ಸಿಂಥೆಟಿಕ್ ಅಂದ್ರೆ ಜರಡಿ ಹಿಡಿದು ಒಂದೇ ಸೈಜಿಂದು ಆರಿಸಿಟ್ಟ ಹಾಗೆ. ಚಳೀಲಿ ಬೇಗ ಹರಿಯುತ್ತೆ, ಘಾಟಿ ಹತ್ತುವಾಗ ಬಿಸಿಗೆ ತಡೆಯುತ್ತೆ."

ಇದನ್ನು ಲಾರೆನ್ಸನಿಗೆ ಒಪ್ಪಿಸಿದೆ. ಲಾರೆನ್ಸನ ಗ್ಯಾರೇಜು ಮಲ್ಲಣ್ಣನವರ ಅಂಗಡಿಯ ಎದುರಿಗೇ, ರಸ್ತೆಯ ಆಚೆಗೆ. ಇಪ್ಪತ್ತು ವರ್ಷದಿಂದ ನನ್ನ ಗಾಡಿಗಳನ್ನು ಅವನೇ ನೋಡುತ್ತಿದ್ದಾನೆ. ಅವನು ಬಾನೆಟ್ಟಿನ ಒಳಗಿನಿಂದ ತಲೆ ಎತ್ತದೆ, "ಪುಡಿ ಮಾಡಿ ಕುಡಿದ್ಮೇಲೆ ದಪ್ಪ ಬೀಜ ಯಾವ್ದು, ಸಣ್ಣ ಬೀಜ ಯಾವ್ದು ರೈಟ್ರೇ?" ಎಂದ.

"ಹಾಗಾದರೆ ಮಾಮೂಲಿಯೇ ಸಾಕು ಅಂತೀಯಾ?"

"ಸಾಕು ಅನ್ಲಿಲ್ಲ. ಮಾಮೂಲೀನೂ ಒಳ್ಳೇದೇ. ಸಿಂಥೆಟಿಕ್ ಸ್ವಲ್ಪ ಜಾಸ್ತಿ ದಿನ ಬಾಳುತ್ತೆ. ಟೈಮಿಗೆ ಬದಲಾಯಿಸಿದ್ರೆ ಎರಡೂ ಒಳ್ಳೇದು, ಬದಲಾಯಿಸದಿದ್ರೆ ಎರಡೂ ಕೆಟ್ಟದ್ದು."

ಇಂಥ ಉತ್ತರವನ್ನು ಕ್ಯಾಲೆಂಡರಿನ ಹಿಂದೆ ಯಾವ ಕಾಲಮ್ಮಿನಲ್ಲಿ ಬರೆಯುವುದು? ಒಂದು ವಾರ ನಿದ್ದೆಗೆಟ್ಟೆ. ಊಟಕ್ಕೆ ಕೂತಾಗ, "ಹಾಕಿಸಲೋ ಬೇಡವೋ?" ಎಂದರೆ ಶಾಂತಲಾ, "ನನ್ನ ಮದುವೆಯಾಗೋ ಮುಂಚೆ ಇಷ್ಟು ಯೋಚನೆ ಮಾಡಿದ್ರೇನ್ರೀ?" ಎಂದಳು. ಇಲ್ಲ ಎನ್ನುವುದು ಸತ್ಯ, ಆದರೆ ಸತ್ಯವನ್ನು ಹೇಳಲು ಊಟದ ಹೊತ್ತು ಸರಿಯಲ್ಲ. ಮರುದಿನವೇ ಸಿಂಥೆಟಿಕ್ ಹಾಕಿಸಿದೆ. ಲಾರೆನ್ಸ್ ನನ್ನೆದುರಿಗೇ ಡಬ್ಬ ಒಡೆದ, ಸುರಿದ, ಕಡ್ಡಿ ತೋರಿಸಿದ. ಮೇಲಿನ ಗುರುತಿಗೆ ಸರಿಯಾಗಿತ್ತು.

ಮರುದಿನ ಬೆಳಿಗ್ಗೆ ಎಂಟಕ್ಕೆ ಮನೆಯಲ್ಲಿ ಕಡ್ಡಿ ಎಳೆದೆ. ಎಣ್ಣೆ ಕೆಳಗಿನ ಗುರುತಿಗಿಂತಲೂ ಕೆಳಗಿತ್ತು.

ಒರೆಸಿ ಮತ್ತೆ ನೋಡಿದೆ. ಕನ್ನಡಕ ಒರೆಸಿ ನೋಡಿದೆ. ಕಾರಿನ ಅಡಿಯಲ್ಲಿ ಟಾರ್ಚು ಬಿಟ್ಟು ನೋಡಿದೆ. ನೆಲದ ಮೇಲೆ ಒಂದು ಹನಿ ಇರಲಿಲ್ಲ. ಮಾಮೂಲಿ ಎಣ್ಣೆ ಆರು ತಿಂಗಳು ಅಲ್ಲಾಡಲಿಲ್ಲ, ಸಿಂಥೆಟಿಕ್ ಒಂದೇ ರಾತ್ರಿಗೆ ಮಾಯ! ಡಬ್ಬದಲ್ಲಿ ಉಳಿದಿದ್ದ ಎಣ್ಣೆಯಿಂದ ಒಂದು ಚಹಾ ಲೋಟದಷ್ಟು ಸುರಿದೆ. ಮರುದಿನ ತುಸು ಏರಿತ್ತು, ಸಾಲದು, ಇನ್ನೊಂದು ಲೋಟ. ಹೀಗೆ ಹನ್ನೊಂದು ದಿನ ಹನ್ನೊಂದು ಲೋಟ. ನಡುವೆ ಇನ್ನೊಂದು ಡಬ್ಬ ತರಿಸಿದೆ. ಎಲ್ಲವೂ ಕ್ಯಾಲೆಂಡರಿನ ಹಿಂದೆ ದಾಖಲಾಗಿದೆ. ಹನ್ನೊಂದನೆಯ ದಿನ ಎಣ್ಣೆ ಮೇಲಿನ ಗುರುತನ್ನು ಮುಟ್ಟಿತು.

ಇಷ್ಟಕ್ಕೇ ಸುಮ್ಮನಿದ್ದರೆ ಹೆಚ್ಚೆಂದರೆ ಎಂಜಿನ್ ಹಾಳಾಗುತ್ತಿತ್ತು. ಆ ದಿನಗಳಲ್ಲೇ ನಾನು ಮಲ್ಲಣ್ಣನವರ ಅಂಗಡಿಗೆ ಹೋಗಿ ಮಾತನಾಡಿದೆ. "ಡಬ್ಬ ಸಿಂಥೆಟಿಕ್ಕಿನದೇ, ಒಳಗಿನ ಎಣ್ಣೆ ಬೇರೆ ಇರಬಹುದು" ಎಂದೆ. ಇರಬಹುದು ಎಂದೇ ಹೇಳಿದ್ದು. ನನ್ನ ಪದ ನನಗೆ ನೆನಪಿದೆ. ಆದರೆ ಆ "ಇರಬಹುದು" ಅಂಗಡಿಯ ಕಟ್ಟೆ ಇಳಿಯುವಷ್ಟರಲ್ಲಿ ಎಲ್ಲೋ ಉದುರಿಹೋಯಿತು. ಲಾರೆನ್ಸ್ ಕಲಬೆರಕೆ ಎಣ್ಣೆ ಹಾಕುತ್ತಾನೆ, ರೈಟರೇ ದಿನಾ ಅಳೆದು ಬರೆದಿಟ್ಟಿದ್ದಾರೆ ಎಂದಾಯಿತು. ಒಂದು ಜೀಪು, ಒಂದು ಪಿಕಪ್ಪು ಅವನ ಗ್ಯಾರೇಜು ಬಿಟ್ಟು ಮೂಡಿಗೆರೆಯ ಕಡೆಗೆ ಮುಖ ಮಾಡಿದವು. ಲಾರೆನ್ಸನ ಕಿವಿಗೂ ಬಿದ್ದಿತ್ತು. ಆದರೂ ರಸ್ತೆಯಲ್ಲಿ ಸಿಕ್ಕಾಗ ಎಂದಿನಂತೆ ಕೈ ಎತ್ತುತ್ತಿದ್ದ, ಮಾತು ಮಾತ್ರ ಆಡುತ್ತಿರಲಿಲ್ಲ.

ಈಗ ಆ ಮಂಗಳವಾರಕ್ಕೆ ಬರುತ್ತೇನೆ. ಮೂರನೆಯ ಮೆಟ್ಟಿಲಿನ ಮೇಲೆ ನಿಂತು ನಾನು ಮಲ್ಲಣ್ಣನವರಿಗೆ ಹನ್ನೊಂದನೆಯ ಲೋಟದ ವಿಷಯ ಹೇಳುತ್ತಿದ್ದೆ. ಶಾಂತಲಾ ಬೆಳಿಗ್ಗೆಯೇ ನನ್ನನ್ನು ಅಲ್ಲಿ ಇಳಿಸಿ, ಗೆಳತಿಯನ್ನು ನೋಡಲು ಕೊಟ್ಟಿಗೆಹಾರದ ಕಡೆ ಹೋದವಳು ವಾಪಸು ಬರಬೇಕಿತ್ತು. ತಿರುವಿನಲ್ಲಿ ಮೊದಲು ಕಂಡದ್ದು ಕಾರಲ್ಲ, ಹೊಗೆ. ನೀಲಿ ಬೆರೆತ ಬಿಳಿ ಹೊಗೆ. ಅದರ ಮುಂದೆ ನಮ್ಮ ಕಾರು, ಅದರ ಹಿಂದೆ ಎಲ್ಲೋ ಒಂದು ಬಸ್ಸು. ಬಸ್ಸು ಕಾಣುತ್ತಿರಲಿಲ್ಲ, ಹಾರನ್ ಕೇಳುತ್ತಿತ್ತು. ಕಾರು ಅಂಗಡಿಯ ಮುಂದೆ ನಿಂತಿತು. ಶಾಂತಲಾ ಸೆರಗಿನಿಂದ ಮೂಗು ಮುಚ್ಚಿಕೊಂಡು ಇಳಿದಳು.

ನನ್ನ ಬಾಯಿ ಸುಮ್ಮನಿರಲಿಲ್ಲ. "ನೋಡಿದಿರಾ ಮಲ್ಲಣ್ಣ, ನಾನು ಹೇಳಿರಲಿಲ್ಲವೇ?" ಎಂದೆ.

"ಏನು ಹೊಗೆ ಮಾರಾಯ್ರೆ! ಭಟ್ಟಿ ಇಟ್ಟ ಹಾಗಿದೆ" ಎಂದರು ಮಲ್ಲಣ್ಣ.

ಲಾರೆನ್ಸ್ ಗ್ಯಾರೇಜಿನಿಂದ ಕೈ ಒರೆಸಿಕೊಳ್ಳುತ್ತ ರಸ್ತೆ ದಾಟಿ ಬಂದ. ನನ್ನನ್ನು ನೋಡಲಿಲ್ಲ. ಬಾನೆಟ್ ಎತ್ತಿದ. ಸ್ವಲ್ಪ ಹೊತ್ತು ಎಣ್ಣೆ ಕೆಳಗಿಳಿಯಲು ಬಿಟ್ಟು, ಕಡ್ಡಿ ಎಳೆದು, ಒರೆಸಿ, ಅದ್ದಿ, ಎತ್ತಿದ. ಎಣ್ಣೆ ಮೇಲಿನ ಗುರುತನ್ನು ದಾಟಿ ಎರಡು ಬೆರಳು ಮೇಲಿತ್ತು.

"ಆಯಿಲ್ ಜಾಸ್ತಿಯಾಗಿ ಉರೀತಾ ಇದೆ. ಯಾರು ಸುರಿದದ್ದು?"

"ನಾನೇ" ಎಂದೆ. "ದಿನಾ ಕಮ್ಮಿ ತೋರಿಸುತ್ತಿತ್ತು."

"ದಿನಾ ಎಲ್ಲಿ ನಿಲ್ಸಿ ನೋಡ್ತೀರಿ?"

"ಮನೆಯ ಮುಂದೆ, ಗೇಟಿನ ಹತ್ತಿರ."

"ಮೊದ್ಲಿಂದ್ಲೂ ಅಲ್ಲೇನಾ?"

ಉತ್ತರ ಕೊಟ್ಟವಳು ಶಾಂತಲಾ. "ಇಲ್ಲ ಲಾರೆನ್ಸು. ಮೊದ್ಲು ಕಣದಲ್ಲೇ ನಿಲ್ಸೋದು. ಈಗ ಕೊಯ್ಲು ಶುರುವಾಯ್ತಲ್ಲ, ಕಣದ ತುಂಬ ಕಾಫಿ ಹರವಿದೆ. ಅದಕ್ಕೇ ಗೇಟಿನ ಏರಿಗೆ ಹಾಕಿದ್ದು."

ನಮ್ಮ ಮನೆಯ ಸುತ್ತ ಮಟ್ಟಸವಾದ ನೆಲ ಎಂದರೆ ಕಾಫಿ ಒಣಗಿಸುವ ಕಣ ಒಂದೇ. ಉಳಿದದ್ದೆಲ್ಲ ಏರು, ಇಲ್ಲವೇ ಇಳಿಜಾರು. ನನ್ನ ನಾಲ್ಕು ಎಕರೆ ತೋಟದ ಕಣದಲ್ಲಿ ಮಾಮೂಲಿ ಎಣ್ಣೆಯನ್ನು ಅಳೆದೆ, ಗೇಟಿನ ಏರಿನಲ್ಲಿ ಮೂತಿ ಮೇಲೆತ್ತಿ ನಿಂತ ಕಾರಿನಲ್ಲಿ ಸಿಂಥೆಟಿಕ್ ಎಣ್ಣೆಯನ್ನು ಅಳೆದೆ. ಏರಿನಲ್ಲಿ ಎಣ್ಣೆ ಹಿಂದಕ್ಕೆ ಸರಿಯುತ್ತದೆ, ಕಡ್ಡಿಗೆ ಕಮ್ಮಿ ಸಿಗುತ್ತದೆ. ಎರಡು ಎಣ್ಣೆಗಳನ್ನು ಹೋಲಿಸುತ್ತಿದ್ದೇನೆ ಎಂದುಕೊಂಡು ಎರಡು ನೆಲಗಳನ್ನು ಹೋಲಿಸಿದ್ದೆ. ಮೂವತ್ತೆರಡು ವರ್ಷ, ಪ್ರತಿ ಮಳೆಗಾಲಕ್ಕೆ ಮುಂಚೆ, ಮಳೆಮಾಪಕದ ಮೇಲೆ ಗಾರೆಯವರ ರಸಮಟ್ಟ ಇಟ್ಟು, ಒಳಗಿನ ಗುಳ್ಳೆ ನಡುವಿಗೆ ಬರುವವರೆಗೆ ಕಲ್ಲು ಕೊಟ್ಟು ನಿಲ್ಲಿಸಿದವನು ನಾನು.

ಲಾರೆನ್ಸ್ ಬೈಯಲಿಲ್ಲ. ಬೈದಿದ್ದರೆ ಎದುರು ಮಾತಾಡಿ ಸ್ವಲ್ಪ ಹಗುರಾಗುತ್ತಿದ್ದೆ. ಕಾರನ್ನು ಗ್ಯಾರೇಜಿಗೆ ತಳ್ಳಿಸಿ, ಅಡಿಯ ಬೋಲ್ಟ್ ಸಡಿಲಿಸಿ ಹೆಚ್ಚಿನ ಎಣ್ಣೆ ಇಳಿಸಿದ. "ಎಂಜಿನ್ ಉಳ್ಕೊಂಡಿದೆ ರೈಟ್ರೇ" ಎಂದ. ಆಮೇಲೆ, ಕೈ ಒರೆಸಿಕೊಳ್ಳುತ್ತ, "ನನ್ನನ್ನ ಒಂದು ಮಾತು ಕೇಳ್ಬೋದಿತ್ತು" ಎಂದ. ಆ ಮಾತು ಇವತ್ತಿಗೂ ನನ್ನ ಕಿವಿಯಲ್ಲಿದೆ.

ಎಂಜಿನ್ನಿಗೆ ಅಡಿಯಲ್ಲಿ ಒಂದು ಬೋಲ್ಟ್ ಇದೆ, ಸುರಿದದ್ದು ಹೆಚ್ಚಾದರೆ ಇಳಿಸಬಹುದು. ಊರಿನ ಕಿವಿಗೆ ಅದಿಲ್ಲ. ಜೀಪಿನವರ ಮನೆಗೆ ನಡೆದು ಹೋಗಿ ತಪ್ಪು ನನ್ನದೆಂದೆ. ನಕ್ಕರು, ಜೀಪು ವಾಪಸು ಬಂತು. ಪಿಕಪ್ಪಿನವರು ಎಲ್ಲ ಕೇಳಿ, "ನೀವು ದೊಡ್ಡ ಮನಸ್ಸಿನವರು, ಅವನನ್ನ ಉಳಿಸೋಕೆ ಹೀಗೆ ಹೇಳ್ತೀರಿ" ಎಂದರು. ಅವರಿಗೆ ಕ್ಯಾಲೆಂಡರನ್ನೇ ಒಯ್ದು ತೋರಿಸಿದೆ. "ರೈಟರ ಲೆಕ್ಕ ತಪ್ಪೋದುಂಟಾ?" ಎಂದು ಹಿಂದಕ್ಕೆ ಕೊಟ್ಟರು. ಪಿಕಪ್ಪು ಇನ್ನೂ ಮೂಡಿಗೆರೆಗೇ ಹೋಗುತ್ತಿದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಯಾವ ಎಣ್ಣೆ ಮೇಲು ಎಂದು ಓದುಗರು ಕೇಳಿದರೆ ನನಗೆ ಗೊತ್ತಿಲ್ಲ. ಲಾರೆನ್ಸ್ ಹೇಳಿದ್ದೇ ಸರಿ ಇರಬಹುದು. ಈ "ಇರಬಹುದು" ಉದುರದಂತೆ ದಯವಿಟ್ಟು ನೋಡಿಕೊಳ್ಳಿ. ನಾನು ಹೇಳಿದ್ದರಲ್ಲಿ ಸಂಶಯವಿದ್ದರೆ ವಿಚಾರಿಸಲು ಕಣ್ಣಾರೆ ಕಂಡವರು ಇನ್ನೂ ಮೂವರಿದ್ದಾರೆ, ಮೂವರೂ ಗಟ್ಟಿಮುಟ್ಟಾಗಿದ್ದಾರೆ. ಒಬ್ಬರು ಮಲ್ಲಣ್ಣ: ನಾನು ಮೆಟ್ಟಿಲು ಹತ್ತುವುದನ್ನು ಕಂಡರೆ ಸಾಕು, ತಕ್ಕಡಿಯ ಕೆಳಗೆ ಕೈಯಾಡಿಸಿ, "ಮಟ್ಟ ಇದೆ, ಬನ್ನಿ" ಎನ್ನುತ್ತಾರೆ. ಇನ್ನೊಬ್ಬ ಲಾರೆನ್ಸ್: ಈಗ ಮಾತಾಡುತ್ತಾನೆ, ಮೊದಲಿನಷ್ಟಲ್ಲ. ಮೂರನೆಯವಳು ಶಾಂತಲಾ: ನನ್ನ ಜೊತೆ ಅದೇ ಮನೆಯಲ್ಲಿದ್ದಾಳೆ. ಬೆಳಿಗ್ಗೆ ಎಂಟಕ್ಕೆ ಒರೆಸುವ ಬಟ್ಟೆ ಹಿಡಿದು ನಾನು ಮೆಲ್ಲಗೆ ಹೊರಡುವಾಗ ಅಡುಗೆಮನೆಯ ಕಿಟಕಿಯಿಂದ ಕೇಳುತ್ತಾಳೆ: "ಇವತ್ತು ಎಷ್ಟು ಇಂಚು ರೀ?"