ಓದುವವಳ ಬೋರ್ಡು

ರೋಹಿಣಿಗೆ ಸಿಟ್ಟು ಬಂದದ್ದು ಇವತ್ತು ನಿನ್ನೆಯಲ್ಲ. ಮದುವೆಯಾದ ಮೂರನೇ ದಿನ ಗಂಡ ಸತೀಶ ಅವಳ ಕೈಯಲ್ಲಿದ್ದ ಕಾದಂಬರಿ ನೋಡಿ, "ಇದನ್ನ ಓದಿ ಎಂತ ಸಿಗ್ತದೆ?" ಎಂದು ಕೇಳಿದನಲ್ಲ, ಅವತ್ತು ಏರಿದ ಸಿಟ್ಟು ಇಪ್ಪತ್ತೆರಡು ವರ್ಷವಾದರೂ ಇಳಿದಿರಲಿಲ್ಲ. ಯಲ್ಲಾಪುರದ ಹೆದ್ದಾರಿ ಬದಿಯಲ್ಲಿ ಲಾರಿ ಸೀಟುಗಳಿಗೆ ರೆಕ್ಸಿನ್ ಹೊಲಿಯುವ ಈ ಮಹಾನುಭಾವನಿಗೆ ಸಾಹಿತ್ಯವೆಂದರೆ ಲಾರಿಯ ಹಿಂದೆ ಬರೆದಿದ್ದಷ್ಟೇ. ಅವಳೋ, ಮೆಣಸಿನಕಾಯಿ ಕಟ್ಟಿಕೊಟ್ಟ ಪೇಪರನ್ನೂ ಬಿಡಿಸಿ, ಕಣ್ಣುರಿ ಬರಿಸಿಕೊಂಡು ಓದುವವಳು. (ಅರ್ಧ ಸುದ್ದಿ ಮಾತ್ರ ಸಿಕ್ಕಿದಾಗ ಉಳಿದರ್ಧದ ಆಸೆಗೆ ಮತ್ತೆ ಅದೇ ಅಂಗಡಿಯಿಂದ ಕಾಲು ಕಿಲೋ ಮೆಣಸಿನಕಾಯಿ ತಂದದ್ದೂ ಉಂಟು.)

ಈ ಸಲದ ಜಗಳ ಹತ್ತಿಕೊಂಡದ್ದು ಅವಳು ಓದುತ್ತ ಕೂತಾಗ ಒಲೆಯ ಮೇಲೆ ಸೀದುಹೋದ ಪಲ್ಯದಿಂದ.

"ಅಂಗಡಿಯಲ್ಲಿ ಜನ ಇಲ್ಲ. ನೀ ಬಂದು ಮಿಷನ್ ತುಳಿದ್ರೆ ಆಗೂದಿಲ್ವ? ಓದೂದೇ ಒಂದು ಉದ್ಯೋಗವ ನಿಂಗೆ?"

"ಹೌದು, ಉದ್ಯೋಗವೇ! ಅದನ್ನೇ ಉದ್ಯೋಗ ಮಾಡ್ಕಂಡು ತೋರಿಸ್ತೆ, ನೋಡ್ತಾ ಇರಿ!"

"ಶಿವರಾತ್ರಿ ಒಳಗೆ ಒಬ್ಬ ಗಿರಾಕಿ ಬರ್ಲಿ ನೋಡ್ವ. ಬರ್ದಿದ್ರೆ ಮಾರನೇ ದಿನ ಮಿಷನ್ ಮುಂದೆ ಕೂತ್ಕಬೇಕು."

"ಆಗ್ಲಿ. ಬಂದ್ರೆ ನೀವು ನನ್ನ ಸ್ಕೂಟರ್ ಡ್ರೈವರು!"

ಕಣ್ಣು ಮಂಜಾದ ಹಿರಿಯರ ಮನೆಗೆ ಹೋಗಿ ಅವರಿಗೆ ಬೇಕಾದ ಪುಸ್ತಕ ಓದಿ ಹೇಳುವುದು, ಅದಕ್ಕೆ ಸಂಭಾವನೆ ಪಡೆಯುವುದು: ಇದು ಅವಳ ಯೋಜನೆ. ಗಂಡನದೇ ರೆಕ್ಸಿನ್ ತುಂಡಿನ ಮೇಲೆ ಬಣ್ಣದಲ್ಲಿ ಬರೆದಳು: "ಓದುವ ಕೆಲಸ ವಹಿಸಿಕೊಳ್ಳಲಾಗುವುದು. ಗಟ್ಟಿ ಧ್ವನಿ, ಸ್ಪಷ್ಟ ಉಚ್ಚಾರ. ಕರೆದಲ್ಲಿಗೆ ಬರಲಾಗುವುದು." ಕೆಳಗೆ ಫೋನ್ ನಂಬರೂ ಹಾಕಿ, ಬೋರ್ಡನ್ನು ಅವನ ಅಂಗಡಿಯ ಬಾಗಿಲಿಗೇ ತೂಗುಹಾಕಿದಳು.

ಹನ್ನೊಂದು ದಿನ ಒಬ್ಬರೂ ಕರೆಯಲಿಲ್ಲ. ಲಾರಿಯವರು ಬಂದು "ಅಕ್ಕಾ, ಕೈ ನೋಡಿ ಹೇಳ್ತೀರಾ?" ಎಂದು ಕೇಳಿ ಅವಳ ಹೊಟ್ಟೆ ಉರಿಸಿದರು. ಸತೀಶ ಮಿಷನ್ನಿಗೆ ಎಣ್ಣೆ ಬಿಟ್ಟು, ಸ್ಟೂಲಿಗೆ ಹೊಸ ಮೆತ್ತೆಯನ್ನೂ ಹೊಲಿದು ಹಾಕಿಟ್ಟ. ಆ ಮೆತ್ತೆ ನೋಡಿದಾಗಲೆಲ್ಲ ರೋಹಿಣಿಗೆ ಮೈ ಪರಚಿಕೊಳ್ಳುವಷ್ಟು ರೋಷ ಬರುತ್ತಿತ್ತು.

ಶಿವರಾತ್ರಿಗೆ ಎರಡೇ ದಿನ ಇರುವಾಗ ಫೋನು ಬಂತು.

"ಓದೋರು ನೀವೇ ಅಲ್ವ? ನಾನು ನಂದೊಳ್ಳಿ ಗಿರಿಜವ್ವ. ಆದಿತ್ಯವಾರ ಬರ್ಬೇಕು. ನಮ್ಮ ದಿವ್ಯಾಂದು ಓದೂದು ಅದೆ. ಮೂರು ತಾಸು. ಊಟ ನಮ್ಮಲ್ಲೇ."

"ಬರ್ತೆ, ಬರ್ತೆ! ದಿವ್ಯಾ ಅಂದ್ರೆ ನಿಮ್ಮ ಅತ್ತೆಯವರಾ?"

"ಮಗಳು ಮಾರಾಯ್ತಿ!"

"ಅಯ್ಯೋ ಪಾಪ. ಕಣ್ಣು ಪೂರ್ತಿ ಕಾಣೂದಿಲ್ವ?"

"ಕಣ್ಣು ಚಲೋನೇ ಅವೆ! ಯಾರು ನಿಮ್ಗೆ ಹಾಂಗೆ ಹೇಳಿದ್ದು?" ಗಿರಿಜವ್ವ ಸಿಡುಕಿ ಫೋನಿಟ್ಟರು.

ಆದಿತ್ಯವಾರ ರೋಹಿಣಿ ತಾನು ಓದುತ್ತಿದ್ದ ದಪ್ಪ ಪತ್ತೇದಾರಿ ಕಾದಂಬರಿಯನ್ನೇ ಬಗಲಿಗಿಟ್ಟುಕೊಂಡು ಸತೀಶನ ಸ್ಕೂಟರಿನ ಹಿಂದೆ ಕೂತಳು. ಅದರಲ್ಲಿ ಕೊಂದವನು ಯಾರೆಂದು ತಿಳಿಯಲು ಇನ್ನು ಹನ್ನೆರಡೇ ಪುಟವಿತ್ತು. ಗುರುತಿಗೆ ಕೆಂಪು ರೆಕ್ಸಿನ್ನಿನ ಪಟ್ಟಿ ಇಟ್ಟಿದ್ದಳು.

ನಂದೊಳ್ಳಿಯಲ್ಲಿ ನೋಡಿದರೆ ಪೆಂಡಾಲು! ಮಂಟಪದಲ್ಲಿ ದಿವ್ಯಾ ಮದುಮಗಳಾಗಿ ಕೂತಿದ್ದಾಳೆ. ಗಿರಿಜವ್ವ ಮೈಕು ತಂದು ರೋಹಿಣಿಯ ಕೈಗಿಟ್ಟರು. ಆಗ ಅವಳಿಗೆ ಹೊಳೆಯಿತು. ಮದುವೆಯಲ್ಲಿ ಉಡುಗೊರೆ ಕೊಡುವುದಕ್ಕೂ, ಕೊಟ್ಟವರ ಹೆಸರನ್ನು ಎಲ್ಲರಿಗೂ ಕೇಳುವಂತೆ ಕೂಗುವುದಕ್ಕೂ ಜನ "ಓದುವುದು" ಎಂದೇ ಅನ್ನುತ್ತಾರಲ್ಲ! ಇವರಿಗೆ ಬೇಕಾಗಿದ್ದದ್ದು ಆ ಓದು.

ವಾಪಸು ಹೋಗೋಣವೆಂದರೆ ಹಿಂದಿನ ಸಾಲಿನಲ್ಲಿ ಸತೀಶ ಹಲ್ಲು ಕಿರಿಯುತ್ತಿದ್ದ. ರೋಹಿಣಿ ಹಲ್ಲು ಕಚ್ಚಿ ಮೈಕು ಹಿಡಿದು, ಉಡುಗೊರೆಗಳಿಗೆ ಅಂಟಿಸಿದ್ದ ಚೀಟಿಗಳನ್ನು ಓದತೊಡಗಿದಳು.

"ಪಾರ್ವತವ್ವ ಅವರಿಂದ ಸ್ಟೀಲಿನ 'ಹಂಢೆ'! ಹಂಡೆಗೆ ಮಹಾಪ್ರಾಣ ಯಾಕ್ರೀ? ಸಾದಾ ಡ ಸಾಕು! ಬೈರ ಅವರಿಂದ 'ಕುಕರ' ಒಂದು. ಇದು ಕುಕ್ಕರೋ ಕುಕ್ಕುಟವೋ, ಬರೆದವರು ಎದ್ದು ನಿಂತು ಹೇಳಿ!"

ಜನ ಬಿದ್ದು ಬಿದ್ದು ನಕ್ಕರು. ಅವಳ ಸಿಟ್ಟು ಏರಿದಷ್ಟೂ ಚಪ್ಪಾಳೆಯೂ ಏರಿತು. ಕೊನೆಗೆ ಗಿರಿಜವ್ವ ಖುಷಿಯಿಂದ ಕೇಳಿದರು, "ಅಲ್ರೀ, ನೀವು ಎಂತ ಓದೂದು?"

ಜನ್ಮವಿಡೀ ಈ ಪ್ರಶ್ನೆಗೆ ಕಾದಿದ್ದ ಬಾಯಿ ತಾನಾಗಿ ತೆರೆದುಕೊಂಡಿತು. "ಕಾದಂಬರಿ!" ಎಂದಳು ಬಗಲಿನದನ್ನು ಎತ್ತಿ ತೋರಿಸಿ, ಮೈಕಿನಲ್ಲೇ. ದಿವ್ಯಾ ಎದ್ದು ಬಂದು, ಎರಡೂ ಕೈಯಲ್ಲಿ ಅದನ್ನು ಉಡುಗೊರೆಯಾಗಿ ತೆಗೆದುಕೊಂಡು ಕಾಲಿಗೆ ನಮಸ್ಕಾರ ಮಾಡಿಬಿಟ್ಟಳು. ಹನ್ನೆರಡು ಪುಟ ಕಣ್ಣೆದುರೇ ಹೋದವು.

ಮರುವಾರದಿಂದ ಫೋನು ನಿಲ್ಲಲಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮೂರೂ ತಾಲೂಕಿನವರಿಗೆ ಬೈದು ಓದುವ ಅಕ್ಕನೇ ಬೇಕು. ಓದು ಉದ್ಯೋಗವಾಯಿತು, ಪಂಥ ಗೆದ್ದಳು. ಆದರೆ ಮನೆಗೆ ಬಂದು ಪುಸ್ತಕ ಹಿಡಿದರೆ ಎರಡನೇ ಸಾಲಿಗೇ ನಿದ್ದೆ. ಸ್ಕೂಟರ್ ಡ್ರೈವರಾದ ಸತೀಶ ಮದುವೆಮನೆಗಳ ಹಿಂದಿನ ಸಾಲಿನಲ್ಲಿ ಬೇಜಾರು ಕಳೆಯಲೆಂದು ಅವಳ ಕಪಾಟಿನಿಂದ ಒಂದೊಂದೇ ಪುಸ್ತಕ ಒಯ್ಯತೊಡಗಿದ. ಹೊಸ ಸಿಟ್ಟಿಗೆ ಇದೂ ಒಂದು ಕಾರಣವಾಯಿತು.

ಸಿದ್ದಾಪುರದ ಮದುವೆಯಲ್ಲಿ ಮಿರುಗುವ ಕಾಗದ ಸುತ್ತಿದ ಒಂದು ಉಡುಗೊರೆ ಬಂತು. ತುದಿಯಲ್ಲಿ ಕೆಂಪು ರೆಕ್ಸಿನ್ ಇಣುಕುತ್ತಿತ್ತು. ದಿವ್ಯಾ ಅದನ್ನು ಇಲ್ಲಿ "ಓದಿಸಿ" ಕೈತೊಳೆದುಕೊಂಡಿದ್ದಳು! ಪಟ್ಟಿ ಒಂದು ಪುಟವೂ ಆಚೀಚೆ ಆದಂತೆ ಕಾಣಲಿಲ್ಲ. "ಪುಸ್ತಕ ಒಂದು" ಎಂದು ಓದಿ, ರೋಹಿಣಿ ಅದನ್ನು ಒಲ್ಲದ ಮನಸ್ಸಿನಿಂದ ಉಡುಗೊರೆಗಳ ರಾಶಿಗೆ ಸೇರಿಸಿದಳು.

ಶಿರಸಿಯ ರಕ್ಷಿತಾಳ ಮದುವೆಗೂ ಅದೇ ಪುಸ್ತಕ, ಅದೇ ಪಟ್ಟಿ. ರೋಹಿಣಿಯ ತಾಳ್ಮೆ ಮುಗಿಯಿತು. ಮೈಕು ಮುಚ್ಚಿ ಮದುಮಗಳ ಕಿವಿಯಲ್ಲಿ, "ತಂಗೀ, ಇವತ್ತಿನ ಸಂಭಾವನೆ ನಂಗೆ ಬೇಡ. ಇದೊಂದು ಕೊಟ್ಬಿಡು" ಎಂದು ಅಂಗಲಾಚಿದಳು. ರಕ್ಷಿತಾ ಕನಿಕರದಿಂದ ಕೊಟ್ಟಳು. ಓದಲು ಇನ್ನೂ ನಲವತ್ತು ಚೀಟಿಗಳಿದ್ದವು. ರೋಹಿಣಿ ಓಡಿಹೋಗಿ ಪುಸ್ತಕವನ್ನು ಗಂಡನ ಮಡಿಲಿಗಿಟ್ಟು, "ಜೋಪಾನ!" ಎಂದು ಬಂದಳು.

ಏಳನೇ ಚೀಟಿ ಓದುವಾಗ ಕಣ್ಣು ಹಿಂದಿನ ಸಾಲಿಗೆ ಹೋಯಿತು. ಕೆಂಪು ಪಟ್ಟಿ ನೆಲದಲ್ಲಿ ಬಿದ್ದಿತ್ತು. ಸತೀಶ ಕೊನೆಯ ಪುಟಗಳಲ್ಲಿ ಮೂಗು ಹುಗಿದಿದ್ದ. ರೋಹಿಣಿಗೆ ಮೈಯೆಲ್ಲ ಹತ್ತಿ ಉರಿಯಿತು. "ಎರಡು ಲೀಟರಿನ ತಾಮ್ರದ ಚೊಂಬು!" ಎಂದು ಪೆಂಡಾಲು ನಡುಗುವಂತೆ ಕಿರುಚಿದಳು.

ಸತೀಶ ತಲೆ ಎತ್ತಿ ಕೈ ಮುಗಿದ. "ಸ್ವಲ್ಪ ಮೆತ್ತಗೆ ಓದೆ ಮಾರಾಯ್ತಿ," ಎಂದ, "ನಂಗಿಲ್ಲಿ ಓದೂಕೆ ಆಗ್ತಾ ಇಲ್ಲ!"