ಇಸ್ತ್ರಿಯ ಮೇಲೆ ತಣ್ಣೀರು

ದೋನ್ ಎವಾರಿಸ್ತೊಗೆ ದೇವರ ಮೇಲೆ ಸಿಟ್ಟಿರಲಿಲ್ಲ. ದೇವರ ಹೆಸರು ಹೇಳಿಕೊಂಡು ಕ್ಯಾನ್ಸಸ್ ಸೀಮೆಯಿಂದ ಹೊಂಡುರಾಸಿಗೆ ಬಂದು ತನ್ನ ಹಿತ್ತಲ ಕೋಣೆಯಲ್ಲಿ ಬಿಡಾರ ಹೂಡಿದ್ದ ಎಳೆ ಮಿಷನರಿಯ ಮೇಲೂ ಸಿಟ್ಟಿರಲಿಲ್ಲ. ಆದರೆ ಆ ಹುಡುಗ ತನ್ನ ಬಟ್ಟೆ ತಾನೇ ಒಗೆದುಕೊಳ್ಳುತ್ತಿದ್ದನಲ್ಲ, ಅದನ್ನು ಮಾತ್ರ ಸಹಿಸಲು ಆಗುತ್ತಿರಲಿಲ್ಲ.

ಗಂಡಸೊಬ್ಬ ಕಲ್ಲುತೊಟ್ಟಿಯ ಮುಂದೆ ತೋಳು ಮಡಚಿ ನಿಂತು ಸಾಬೂನು ಹಚ್ಚುವುದನ್ನು ಸಾಂತಾ ರೀತಾ ಬೀದಿ ಅದುವರೆಗೆ ಕಂಡಿರಲಿಲ್ಲ. ಮೊದಲ ವಾರ ಅಕ್ಕಪಕ್ಕದ ಹೆಂಗಸರೆಲ್ಲ ಸ್ಟೂಲು ಹಾಕಿಕೊಂಡು ಗೋಡೆಯ ಮೇಲೆ ಗದ್ದ ಊರಿ ನೋಡಿದರು. ಬ್ರದರ್ ವೆಂಡೆಲ್ (ಹುಡುಗನ ಹೆಸರು ಅದು, ಇಪ್ಪತ್ತೆರಡು ವರ್ಷ, ಕಿವಿ ಎರಡೂ ಸದಾ ಕೆಂಪು) ಇವರೆಲ್ಲ ಸುವಾರ್ತೆ ಕೇಳಲು ಬಂದಿದ್ದಾರೆಂದೇ ನಂಬಿ, ಒಂದು ಕಾಲುಚೀಲಕ್ಕೂ ಇನ್ನೊಂದಕ್ಕೂ ನಡುವೆ ನೋಹನ ಕಥೆ ಹೇಳಿದ. ಹೆಂಗಸರು ಕಾಲುಚೀಲಗಳನ್ನು ಗಮನವಿಟ್ಟು ನೋಡಿದರು. ಅದೇ ಕಥೆಯನ್ನು ಸಂಜೆ ಅವರವರ ಮನೆ ಬಾಗಿಲಿಗೆ ಒಯ್ದರೆ, "ಒಲೆ ಮೇಲೆ ಹುರುಳಿ ಇದೆ ಬ್ರದರ್, ನಾಳೆ ಬನ್ನಿ" ಎಂದು ಬಾಗಿಲು ಹಾಕಿಕೊಳ್ಳುತ್ತಿದ್ದರು. ಹುಡುಗ ನಾಳೆಯೂ ಹೋಗುತ್ತಿದ್ದ. ಛಲದಲ್ಲಿ ಅವನಿಗೆ ಸಮನಾದವರು ಆ ಬೀದಿಯಲ್ಲಿ ಒಬ್ಬರೇ ಇದ್ದರು, ಅವರು ಎವಾರಿಸ್ತೊನ ಹೆಂಡತಿ.

"ನೋಡ್ರೀ," ಎಂದಳು ದೋನ್ಯಾ ಒತೀಲಿಯಾ ಒಂದು ಬೆಳಗ್ಗೆ, ತೊರ್ತಿಯಾ ರೊಟ್ಟಿ ತಟ್ಟುತ್ತ. "ಹೆತ್ತಮ್ಮ ಹತ್ರ ಇಲ್ಲ, ಕಟ್ಟಿಕೊಂಡೋಳು ಇಲ್ಲ. ಪ್ಯಾಂಟು ಹೆಂಗೆ ಹಿಂಡ್ತದೆ ನೋಡಿ ಪಾಪ ಆ ಕೂಸು."

"ಅವನಿಗೆ ಹೊಸ ಆಟ ಸಿಕ್ಕಿದೆ. ಆಡ್ಲಿ ಬಿಡು."

"ಹಂಗಾದ್ರೆ ನೀವೂ ಸ್ವಲ್ಪ ಆಡಿ."

"ನಾನು ಇಸ್ತ್ರಿ ಮಾಡಲ್ವೇನೇ?"

ಒತೀಲಿಯಾ ಮುಂದಿನ ರೊಟ್ಟಿ ತಟ್ಟತೊಡಗಿದಳು. ಅದು ಎವಾರಿಸ್ತೊನ ಬ್ರಹ್ಮಾಸ್ತ್ರ. ಅದರ ಮಹಿಮೆಯನ್ನು ಇಲ್ಲಿ ಸ್ವಲ್ಪ ವಿವರಿಸಲೇಬೇಕು.

ಇಸ್ತ್ರಿ ಮಾಡಿದವರ ಮೈಗೆ ಕಾವು ಏರಿರುತ್ತದೆ. ಮರುದಿನ ಬೆಳಗಾಗುವವರೆಗೆ ಅವರು ತಣ್ಣೀರು ಮುಟ್ಟಬಾರದು, ಮಳೆಗಾಳಿಗೆ ಹೊರಡಬಾರದು, ಫ್ರಿಜ್ಜಿನ ಬಾಗಿಲು ಕೂಡ ತೆಗೆಯಬಾರದು. ತೆಗೆದರೆ ಕೈ ಸೆಟೆದುಕೊಳ್ಳುತ್ತದೆ, ಬಾಯಿ ಸೊಟ್ಟಗಾಗುತ್ತದೆ. ಇದು ಆ ಊರಿನಲ್ಲಿ ಮಾತು ಬಾರದ ಮಕ್ಕಳಿಗೂ ಗೊತ್ತು. ಆದ್ದರಿಂದ ಹೆಂಗಸರೆಲ್ಲ ಮನೆಯ ಕೆಲಸ ಪೂರೈಸಿ ಕಟ್ಟಕಡೆಗೆ ಇಸ್ತ್ರಿ ಪೆಟ್ಟಿಗೆ ಹಿಡಿಯುತ್ತಾರೆ. ಎವಾರಿಸ್ತೊ ಮಾತ್ರ ಶನಿವಾರ ಕಾಫಿ ಕುಡಿದವನೇ ಮೊಟ್ಟಮೊದಲಿಗೆ ಹಿಡಿಯುತ್ತಿದ್ದ. ನಾಲ್ಕು ಅಂಗಿಯ ಮೇಲೆ ಪೆಟ್ಟಿಗೆ ಓಡಿಸಿದನೆಂದರೆ ಅಂದಿನ ಮಟ್ಟಿಗೆ ಅವನು ಸಾಮ್ರಾಟ. ಪಾತ್ರೆ ತೊಳೆಯುವಂತಿಲ್ಲ, ಅಂಗಳಕ್ಕೆ ನೀರು ಹಾಕುವಂತಿಲ್ಲ, ತುಂತುರು ಬಿದ್ದರಂತೂ ಅತ್ತೆಯ ಮನೆಗೆ ಹೋಗುವಂತೆಯೇ ಇಲ್ಲ. ತೂಗುಹಾಸಿಗೆಯಲ್ಲಿ ಮಲಗಿ, ಹೊಟ್ಟೆಯ ಮೇಲೆ ರೇಡಿಯೊ ಇಟ್ಟುಕೊಂಡು, ಬಿಸಿಬಿಸಿ ಕಾಫಿಯನ್ನು ಇದ್ದಲ್ಲಿಗೇ ತರಿಸಿಕೊಂಡು, ಕಾವು ಇಳಿಯುವುದನ್ನು ಕಾಯಬೇಕು. ಇಷ್ಟಾದರೂ ಬೀದಿಯ ಹೆಂಗಸರು, "ಎಂಥ ಗಂಡ ಸಿಕ್ಕಿದಾನೆ ಒತೀಲಿಯಾಗೆ, ಇಸ್ತ್ರಿ ಮಾಡಿಕೊಡ್ತಾನೆ" ಎಂದು ಹೊಟ್ಟೆ ಉರಿದುಕೊಳ್ಳುತ್ತಿದ್ದರು.

ಆ ಕಾವು, ಆ ಸೊಟ್ಟಬಾಯಿ ಎಲ್ಲ ಬರೀ ಸುಳ್ಳೆಂಬುದು ಅವನಿಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲೇ ಒಮ್ಮೆ ಮರೆತು, ಇಸ್ತ್ರಿ ಮಾಡಿದ ಕೈಯಲ್ಲಿ ತಣ್ಣನೆ ಬಿಯರು ಹಿಡಿದಿದ್ದ. ಏನೂ ಆಗಲಿಲ್ಲ. ಆ ಮಹಾಸತ್ಯವನ್ನು ಎದೆಯಲ್ಲೇ ಹೂತಿಟ್ಟು ಸಂಸಾರ ಮಾಡಿಕೊಂಡು ಬಂದಿದ್ದ.

ಇಂಥ ಸಾಮ್ರಾಜ್ಯಕ್ಕೆ ಕೈ ಹಾಕಿದ್ದು ಬ್ರದರ್ ವೆಂಡೆಲ್. ಒಂದು ಶನಿವಾರ ಅವನು ಎವಾರಿಸ್ತೊನ ಎದುರು ಬಂದು ನಿಂತ. ಮಿಷನ್ನಿನ ಪುಸ್ತಕದಿಂದ ಭಾಷೆ ಕಲಿತ ಹುಡುಗ. ಬಾಯಿ ತೆರೆದರೆ ಪುಸ್ತಕವೇ ಮಾತಾಡಿದಂತಿರುತ್ತಿತ್ತು.

"ತಾವು ಹಿರಿಯರು. ಈ ಶ್ರಮವನ್ನು ತಾವು ಪಡುವುದನ್ನು ನಾನು ಸಹಿಸಲಾರೆನು. ದಯವಿಟ್ಟು ಆ ಪೆಟ್ಟಿಗೆಯನ್ನು ನನಗೆ ಕೊಡಿರಿ."

"ಬೇಡ ಬ್ರದರ್, ನಂಗೆ ಅಭ್ಯಾಸ."

"ಸೇವೆ ಮಾಡಲೆಂದೇ ನಾನು ಬಂದಿರುವೆನು."

"ಕೊಡಿ ಅತ್ಲಾಗೆ," ಎಂದಳು ಒಳಗಿನಿಂದ ಒತೀಲಿಯಾ. "ಪುಣ್ಯ ಬರ್ತದೆ. ನಿಮಗೆ ಕಾವಿಲ್ಲ ಅಂದ್ಮೇಲೆ ಬನ್ನಿ, ಕಂಬಳಿ ಒಗೆಯೋದಿದೆ."

ಅಂದು ಎವಾರಿಸ್ತೊ ಕಂಬಳಿ ಒಗೆದ. ಒದ್ದೆ ಕಂಬಳಿ ಎಷ್ಟು ತೂಗುತ್ತದೆ ಎಂಬುದು ಆ ವಯಸ್ಸಿನಲ್ಲಿ ಅವನಿಗೆ ಮೊದಲ ಸಲ ತಿಳಿಯಿತು. ಗೋಡೆಯ ಮೇಲಿನ ಹೆಂಗಸರೂ ಹೊಸ ಆಟ ನೋಡಿ ಖುಷಿಪಟ್ಟರು. ಎತ್ತಿ ಹಿಂಡುವಾಗ ಅವನು ಒಂದು ನಿರ್ಧಾರ ಮಾಡಿದ. ಈ ಹುಡುಗ ಇಲ್ಲಿಯವರಿಗೆ ಪಾಠ ಹೇಳಿದ್ದು ಸಾಕು, ಇನ್ನು ಇಲ್ಲಿಯ ಪಾಠ ಅವನಿಗೆ ಆಗಬೇಕು.

ಸಂಜೆ ಊಟಕ್ಕೆ ಕೂತಾಗ ಪಾಠ ಶುರುವಾಯಿತು.

"ಇಸ್ತ್ರಿ ಮಾಡಿ ಈಗ ಕೈ ತೊಳೆದೆಯಲ್ಲಪ್ಪ," ಎಂದ ಎವಾರಿಸ್ತೊ, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ. "ನಮ್ಮ ಚಿಕ್ಕಪ್ಪನೂ ಹಂಗೇ ಮಾಡಿದ. ಬಾಯಿ ಇಲ್ಲಿತ್ತು, ಕಿವಿ ಹತ್ರ ಹೋಯ್ತು. ಆಮೇಲೆ ಸೂಪ್ ಕುಡೀಬೇಕಾದ್ರೆ ಪಕ್ಕದಲ್ಲಿ ಕೂತಿರೋರು ಬಟ್ಟಲು ಹಿಡೀಬೇಕಾಗಿತ್ತು."

ವೆಂಡೆಲ್ ನಕ್ಕ. "ಕ್ಯಾನ್ಸಸಿನಲ್ಲಿ ನನ್ನ ತಾಯಿಯು ಇಸ್ತ್ರಿ ಮಾಡಿ ಆ ಕೂಡಲೇ ಪಾತ್ರೆ ತೊಳೆಯುವರು."

"ನಿಮ್ಮ ಕಡೆ ನೀರೇ ಬೇರೆ. ಇಲ್ಲಿಯದು ಬೆಟ್ಟದ ನೀರು. ಕೇಳು ಬೇಕಾದ್ರೆ ಇವಳನ್ನ."

ಒತೀಲಿಯಾಳ ನಂಬಿಕೆ ಮಾತ್ರ ಅಪ್ಪಟವಾಗಿತ್ತು. ಅವಳು ಚಮಚ ಕೆಳಗಿಟ್ಟು, ಕೈ ಸೆಟೆದುಕೊಂಡ ಸೋದರತ್ತೆಯ ಕಥೆಯನ್ನು ಕಣ್ಣಲ್ಲಿ ನೀರು ತಂದುಕೊಂಡು ಹೇಳಿದಳು. ಆ ಕಣ್ಣೀರಿಗೆ ಹುಡುಗನ ನಗು ನಿಂತಿತು. ಹೋದ ನಾಡಿನ ಜನರ ಮಾತನ್ನು ಹಗುರವಾಗಿ ತೆಗೆದುಕೊಳ್ಳಬಾರದೆಂದು ಹೊರಡುವಾಗ ಮಿಷನ್ನಿನವರು ಅವನಿಗೆ ಬುದ್ಧಿ ಹೇಳಿ ಕಳಿಸಿದ್ದರು. ಅವನ ಕಿವಿ ಇನ್ನಷ್ಟು ಕೆಂಪಾಯಿತು.

"ನಾನು ಅಹಂಕಾರಿಯಾಗಿದ್ದೆನು," ಎಂದ. "ಪೆಟ್ಟಿಗೆಯನ್ನು ತಮಗೆ ಹಿಂದಿರುಗಿಸುವೆನು. ಆದರೆ ದೋನ್ ಎವಾರಿಸ್ತೊ, ಇಷ್ಟು ಅಪಾಯದ ಕೆಲಸವನ್ನು ತಾವು ಮನೆಯವರಿಗಾಗಿ ಮಾಡುತ್ತಿರುವಿರಿ. ಇಂದಿನಿಂದ ತಮ್ಮ ರಕ್ಷಣೆಯ ಭಾರ ನನ್ನದು."

ಎವಾರಿಸ್ತೊಗೆ ಆನಂದವಾಯಿತು. ಆ ಕೊನೆಯ ವಾಕ್ಯವನ್ನು ಅವನು ಸರಿಯಾಗಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಈಗ ಫುಟ್‌ಬಾಲಿನ ವಿಷಯ. ಎವಾರಿಸ್ತೊ ಹೊಟ್ಟೆಪಾಡಿಗೆ ಚಪ್ಪಲಿ ಅಂಗಡಿ ಇಟ್ಟಿದ್ದರೂ ಬದುಕಿದ್ದದ್ದು ಸಾಂತಾ ರೀತಾ ತಂಡಕ್ಕಾಗಿ. ಅವನೇ ತಂಡದ ಗುರು. ವರ್ಷವರ್ಷವೂ ತಂಡ ಸೋಲುತ್ತಿತ್ತು, ವರ್ಷವರ್ಷವೂ ಅವನು ಹೊಸ ವ್ಯೂಹ ರಚಿಸುತ್ತಿದ್ದ. ಆ ವರ್ಷ ಅದು ಹೇಗೋ ಫೈನಲಿಗೆ ಬಂದುಬಿಟ್ಟಿತ್ತು. ಎದುರಾಳಿ ಮಾರುಕಟ್ಟೆ ಬೀದಿಯವರು. ಭಾನುವಾರ ಪಂದ್ಯ. ಗೆಲ್ಲಲಿ ಸೋಲಲಿ, ಮೈದಾನದ ಅಂಚಿನ ಬೆಂಚಿನ ಬಳಿ ತಾನು ನಿಂತಿರಬೇಕು, ಇಷ್ಟು ವರ್ಷ ನಕ್ಕವರೆಲ್ಲ ನೋಡಬೇಕು. ಆ ಒಂದೇ ಆಸೆ ಅವನನ್ನು ವಾರವಿಡೀ ನಿದ್ದೆ ಮಾಡಲು ಬಿಟ್ಟಿರಲಿಲ್ಲ.

ಶನಿವಾರ ಎಂದಿನಂತೆ ಇಸ್ತ್ರಿ ಮುಗಿಸಿ, ತೂಗುಹಾಸಿಗೆಗೆ ಏರಿ, ನಾಳೆಯ ವ್ಯೂಹವನ್ನು ಮನಸ್ಸಿನಲ್ಲೇ ಕಟ್ಟುತ್ತಿದ್ದ. ಹೊರಗೆ ಸಣ್ಣ ಮಳೆ ಹಿಡಿದಿತ್ತು. ಆಗ ತಂಡದ ನಾಯಕ ನೆಪ್ತಾಲಿ ಬೀದಿಯಿಂದಲೇ ಕೂಗಿದ.

"ಗುರುಗಳೇ, ನಾಳೆ ಮೈದಾನದಲ್ಲಿ ಮೇಯರ್ ಭಾಷಣ ಇದೆಯಂತೆ. ಫೈನಲ್ ಇವತ್ತೇ. ಮಧ್ಯಾಹ್ನ ಮೂರಕ್ಕೆ."

ಎವಾರಿಸ್ತೊ ಒಂದೇ ನೆಗೆತಕ್ಕೆ ಕೆಳಗಿಳಿದು ಬೂಟು ಹುಡುಕಿದ. ಬೂಟು ಒತೀಲಿಯಾಳ ಕೈಯಲ್ಲಿತ್ತು.

"ಎಲ್ಲಿಗೆ?"

"ಫೈನಲ್ ಕಣೇ."

"ಮೈ ಕಾವಲ್ಲಿದೆ. ಹೊರಗೆ ಮಳೆ."

"ಕೊಡೆ ಹಿಡ್ಕೋತೀನಿ."

"ಹೋದ ತಿಂಗಳು ಅಮ್ಮನ ಹುಟ್ಟುಹಬ್ಬ. ಅವತ್ತೂ ಇಷ್ಟೇ ಮಳೆ. ಕೊಡೆ ಹಿಡ್ಕೊಂಡ್ರೂ ಗಾಳಿ ಬಡಿಯತ್ತೆ ಅಂತ ಹೇಳಿದೋರು ಯಾರು?"

ಎವಾರಿಸ್ತೊ ಬರಿಗಾಲಲ್ಲೇ ಹಿತ್ತಲ ಬಾಗಿಲಿಗೆ ಹೋದ. ಅಲ್ಲಿ ವೆಂಡೆಲ್ ಉಣ್ಣೆ ಕಂಬಳಿಯೊಂದನ್ನು ಎರಡೂ ಕೈಯಲ್ಲಿ ಅಗಲಿಸಿ ಹಿಡಿದು ನಿಂತಿದ್ದ.

"ದಾರಿ ಬಿಡು ಮಗನೇ."

"ತಮ್ಮ ರಕ್ಷಣೆಯ ಭಾರ ನನ್ನದು."

"ಬಿಡ್ತೀಯೋ ಇಲ್ವೋ?"

"ಬಿಡಲಾರೆನು. ತಮ್ಮ ಚಿಕ್ಕಪ್ಪನವರನ್ನು ನೆನೆಯಿರಿ."

ಎಂಥ ಎಂಥ ಎದುರಾಳಿಗಳಿಗೆ ವ್ಯೂಹ ರಚಿಸಿದವನು ಎವಾರಿಸ್ತೊ. ಅವನು ಸ್ನಾನದ ಮನೆಯ ಕಿಟಕಿಯಿಂದ ಇಳಿದ. (ಹೊಟ್ಟೆ ಕೊಂಚ ಹಠ ಮಾಡಿತು.) ಇಳಿದು ನಾಲ್ಕು ಹೆಜ್ಜೆ ಇಟ್ಟಿರಲಿಲ್ಲ, ಎದುರುಮನೆಯ ಮುದುಕಿ ದೋನ್ಯಾ ಫಿದೇಲಿಯಾ ಪೊರಕೆ ಅಡ್ಡ ಹಿಡಿದಳು.

"ಒಳಗೆ ಹೋಗಪ್ಪ, ನೀನು ಇಸ್ತ್ರಿ ಮಾಡಿದೀಯಂತೆ. ಬ್ರದರ್ ಬೆಳಗ್ಗೇನೇ ಬಂದು ಹೇಳಿ ಹೋದ್ರು."

ಆಗ ತಿಳಿಯಿತು ಸಂಗತಿ. ಹುಡುಗ ಬೆಳಗ್ಗೆ ಮನೆಮನೆಗೆ ಹೋಗಿ, ದೋನ್ ಎವಾರಿಸ್ತೊ ಈ ದಿನ ಇಸ್ತ್ರಿ ಮಾಡಿರುವರು, ಹೊರಗೆ ಕಂಡರೆ ದಯವಿಟ್ಟು ತಡೆಯಿರಿ ಎಂದು ಸಾರಿ ಬಂದಿದ್ದ. ಬಂದ ದಿನದಿಂದ ಮುಚ್ಚಿದ್ದ ಬಾಗಿಲುಗಳೆಲ್ಲ ಅವನಿಗೆ ಮೊದಲ ಬಾರಿ ತೆರೆದಿದ್ದವು. ಕೊನೆಗೂ ಒಬ್ಬ ಪರದೇಶಿಗೆ ಬುದ್ಧಿ ಬಂತಲ್ಲ ಎಂದು ಮುದುಕಿಯರು ಅವನನ್ನು ಕೂರಿಸಿ ಕಾಫಿ ಕೊಟ್ಟು, ಸೊಟ್ಟಗಾದ ತಮ್ಮತಮ್ಮ ನೆಂಟರ ಕಥೆಗಳನ್ನೂ ಹೇಳಿದ್ದರು. ಈಗ ಬೀದಿಯ ಎರಡೂ ಕಡೆ ಬಾಗಿಲಿಗೊಬ್ಬರಂತೆ ಕಾವಲಿದ್ದರು. ತಂಡದ ಹುಡುಗರೂ ಗೇಟಿನ ಬಳಿ ತಲೆ ತಗ್ಗಿಸಿ ನಿಂತರು.

"ನಮ್ಮ ಪಂದ್ಯಕ್ಕೋಸ್ಕರ ನಿಮ್ಮ ಬಾಯಿ ಹೋಗೋದು ಬೇಡ ಗುರುಗಳೇ," ಎಂದ ನೆಪ್ತಾಲಿ. "ನಾವೇ ಆಡ್ಕೋತೀವಿ."

ಅವರು ಹೊರಟೇಬಿಟ್ಟರು. ಎವಾರಿಸ್ತೊಗೆ ನಿಜಕ್ಕೂ ಅಳು ಬಂತು. ಇಷ್ಟು ವರ್ಷ ಸೋಲುವಾಗ ಜೊತೆಗಿದ್ದವನು, ಗೆಲ್ಲುವ ದಿನ ಮನೆಯಲ್ಲಿ ಕೂರುವುದೇ? ಒಂದು ಕಡೆ ಫೈನಲ್, ಇನ್ನೊಂದು ಕಡೆ ಬಾಳಿನುದ್ದದ ಶನಿವಾರಗಳು. ಅವನು ಫೈನಲನ್ನೇ ಆರಿಸಿಕೊಂಡ. ನೆಟ್ಟಗೆ ಕಲ್ಲುತೊಟ್ಟಿಯ ಬಳಿಗೆ ನಡೆದು, ಹೆಂಡತಿ, ಬ್ರದರು, ಗೋಡೆಯ ಮೇಲಿನ ಹೆಂಗಸರು ಎಲ್ಲ ನೋಡುತ್ತಿದ್ದಂತೆ ಎರಡೂ ಕೈಯನ್ನು ಮೊಣಕೈವರೆಗೆ ತಣ್ಣೀರಿಗೆ ಇಳಿಸಿದ.

"ನೋಡ್ಕೊಳ್ಳಿ ಎಲ್ಲರೂ. ಏನೂ ಆಗಲ್ಲ. ಯಾವತ್ತೂ ಆಗಿಲ್ಲ. ಇಸ್ತ್ರಿ ಮಾಡಿ ಬಿಯರು ಕುಡಿದಿದೀನಿ, ಮಳೇಲಿ ನೆಂದಿದೀನಿ. ಎಲ್ಲಾ ಸುಳ್ಳು."

ವೆಂಡೆಲ್ ಅಲ್ಲೇ ಮೊಣಕಾಲೂರಿ, ಕಣ್ಣು ಮುಚ್ಚಿ, ಗಟ್ಟಿಯಾಗಿ ಪ್ರಾರ್ಥನೆ ಶುರುಮಾಡಿದ. ಒತೀಲಿಯಾ ಹತ್ತಿರ ಬಂದು ಗಂಡನ ಮುಖವನ್ನು ಆ ಕಡೆಯಿಂದ ಈ ಕಡೆಯಿಂದ ನೋಡಿದಳು.

"ಏನೂ ಆಗಲ್ವಾ?"

"ಏನೂ ಆಗಲ್ಲ."

"ಮದುವೆಯಾದಾಗಿಂದ ಗೊತ್ತಿತ್ತಾ?"

"ಗೊತ್ತಿತ್ತು."

ಅವಳು ಕೂಗಾಡಲಿಲ್ಲ. ಕೂಗಾಡಿದ್ದರೆ ಅವನಿಗೆ ಎಷ್ಟೋ ಧೈರ್ಯವಿರುತ್ತಿತ್ತು. ಒಳಗೆ ಹೋಗಿ, ಮನೆಯಲ್ಲಿದ್ದ ಕಂಬಳಿ, ಪರದೆ, ಹಾಸಿಗೆ ಹೊದಿಕೆಗಳನ್ನೆಲ್ಲ ತಂದು ತೊಟ್ಟಿಯ ಪಕ್ಕ ಸುರಿದಳು. "ಮುಗಿಸಿ ಹೋಗಿ," ಎಂದಳು ಅಷ್ಟೆ.

ಎವಾರಿಸ್ತೊ ಒಗೆದ. ಹಲ್ಲು ಕಚ್ಚಿ, ದೇವರನ್ನೂ ಮೇಯರನ್ನೂ ಬೈದುಕೊಳ್ಳುತ್ತ ಒಗೆದ. ಕಂಬಳಿ ಹಿಂಡಲು ಇಬ್ಬರು ಬೇಕಾದ್ದರಿಂದ ವೆಂಡೆಲ್ ಇನ್ನೊಂದು ತುದಿ ಹಿಡಿದ. ಮೈದಾನದ ಕಡೆಯಿಂದ ಒಂದು ಸಲ ಹೋ ಎಂಬ ಕೂಗು ಕೇಳಿತು. ಯಾರ ಗೋಲೋ ತಿಳಿಯಲಿಲ್ಲ.

"ದೋನ್ ಎವಾರಿಸ್ತೊ," ಎಂದ ಹುಡುಗ ಸಣ್ಣ ದನಿಯಲ್ಲಿ, "ನಾನು ಇದನ್ನು ಬೀದಿಯ ಪ್ರತಿಯೊಂದು ಬಾಗಿಲಿನಲ್ಲಿಯೂ ಹೇಳಿ ಬಂದಿರುವೆನಲ್ಲ. ಈಗ ಏನು ಮಾಡಲಿ?"

"ಮತ್ತೆ ಹೋಗಿ ಸುಳ್ಳು ಅಂತ ಹೇಳಪ್ಪ. ಮೊದಲು ಆ ಕಡೆಗೆ ತಿರುವು."

ಕೊನೆಯ ಪರದೆಯನ್ನು ಸೂರಿನಡಿಯ ತಂತಿಗೆ ಎಸೆದವನೇ ಎವಾರಿಸ್ತೊ ಮಳೆಯಲ್ಲಿ ಓಡಿದ. ಮೈದಾನ ತಲುಪುವಾಗ ರೆಫರಿ ಕೊನೆಯ ಸೀಟಿ ಊದಿ ಆಗಿತ್ತು. ಸಾಂತಾ ರೀತಾ ಗೆದ್ದಿತ್ತು. ಹುಡುಗರು ಗೋಲ್‌ಕೀಪರನನ್ನು ಹೆಗಲ ಮೇಲೆ ಹೊತ್ತು ಕುಣಿಯುತ್ತಿದ್ದರು. ಎವಾರಿಸ್ತೊ ಖಾಲಿ ಬೆಂಚಿನ ಮುಂದೆ, ಸಾಬೂನು ನೊರೆ ಹತ್ತಿದ ಅಂಗಿಯಲ್ಲಿ ನಿಂತು ಚಪ್ಪಾಳೆ ತಟ್ಟಿದ.

ಬೀದಿಯವರು ಮಾತ್ರ ಇಡೀ ಪ್ರಸಂಗದಿಂದ ಬೇರೆಯದೇ ಅರ್ಥ ತೆಗೆದರು. ಇಸ್ತ್ರಿ ಮಾಡಿ ತಣ್ಣೀರಿಗೆ ಕೈ ಹಾಕಿದರೂ ಎವಾರಿಸ್ತೊನ ಬಾಯಿ ನೆಟ್ಟಗೇ ಉಳಿದದ್ದು ಬ್ರದರ್ ಮೊಣಕಾಲೂರಿ ಪ್ರಾರ್ಥಿಸಿದ್ದರಿಂದ ಎಂದು ದೋನ್ಯಾ ಫಿದೇಲಿಯಾ ತೀರ್ಪು ಕೊಟ್ಟಳು. ವೆಂಡೆಲ್ ಮತ್ತೆ ಮನೆಮನೆಗೆ ಹೋಗಿ, ಇಲ್ಲ, ಅದು ನನ್ನಿಂದಾದುದಲ್ಲ, ಕಾವೆಂಬುದೇ ಸುಳ್ಳು ಎಂದು ಕಿವಿ ಕೆಂಪಗೆ ಮಾಡಿಕೊಂಡು ಬೇಡಿಕೊಂಡ. ಎಂಥ ವಿನಯ ಎಂದು ಜನ ಇನ್ನಷ್ಟು ಕರಗಿದರು. ಭಾನುವಾರ ಅವನ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ ನಿಲ್ಲಲು ಜಾಗವಿರಲಿಲ್ಲ. ತಾನು ಹೇಳಿದ ಸತ್ಯವನ್ನು ಒಬ್ಬರೂ ನಂಬಲಿಲ್ಲವೆಂದು ಹುಡುಗ ಎರಡು ದಿನ ಊಟ ಬಿಟ್ಟ. ಮೂರನೆಯ ದಿನ ಒತೀಲಿಯಾ ಗದರಿಸಿ ತಿನ್ನಿಸಿದಳು.

ಗೆದ್ದ ತಂಡಕ್ಕೆ ಮುಂದಿನ ಶನಿವಾರದಿಂದ ಜಿಲ್ಲಾ ಪಂದ್ಯಗಳು. ಎವಾರಿಸ್ತೊ ಈ ಸಲ ಪೆಟ್ಟಿಗೆಯ ಕಡೆ ತಿರುಗಿಯೂ ನೋಡಲಿಲ್ಲ. ಎದ್ದವನೇ ಒತೀಲಿಯಾ ಹೇಳುವ ಮೊದಲೇ ಬಟ್ಟೆ ಒಗೆದು ಹಾಕಿ, ಗಡ್ಡ ಬೋಳಿಸಿ, ಬೂಟು ಕಟ್ಟಿ, ಹೊಸ ವ್ಯೂಹದೊಂದಿಗೆ ಬಾಗಿಲಿಗೆ ಬಂದ. ಬಾಗಿಲಲ್ಲಿ ನೆಪ್ತಾಲಿ, ಅವನ ಹಿಂದೆ ಇಡೀ ತಂಡ. ಎಲ್ಲರೂ ನೆಲ ನೋಡುತ್ತಿದ್ದರು. ನೆಪ್ತಾಲಿಯ ಕೈಯಲ್ಲೊಂದು ದೊಡ್ಡ ಗಂಟಿತ್ತು.

"ಗುರುಗಳೇ, ತಪ್ಪು ತಿಳೀಬೇಡಿ," ಎಂದ. "ನೀವು ಇಸ್ತ್ರಿ ಮಾಡಿ ಮನೇಲಿದ್ದ ದಿನಾನೇ ನಾವು ಗೆದ್ದಿದ್ದು."

"ಅದಕ್ಕೆ?"

"ಹುಡುಗರೆಲ್ಲ ಸೇರಿ ಮಾತಾಡಿದೀವಿ. ಇದರಲ್ಲಿ ನಮ್ಮೆಲ್ಲರ ಜೆರ್ಸಿ ಇದೆ." ಗಂಟನ್ನು ಅವನ ತೋಳಿಗೆ ಇಟ್ಟ. "ಬೆಂಚಿನ ಮೇಲೆ ಬ್ರದರ್ ಕೂತ್ಕೋತಾರೆ. ನೀವು ನಿಧಾನವಾಗಿ ಮಾಡಿ, ಮಳೆ ಬಂದ್ರೆ ಹೊರಗೆ ಬರಬೇಡಿ."

ಎವಾರಿಸ್ತೊ ಬಾಯಿ ತೆರೆಯುವಷ್ಟರಲ್ಲಿ ಒಳಗೆ ಒತೀಲಿಯಾ ಪೆಟ್ಟಿಗೆಯನ್ನು ಕಾಯಲು ಇಟ್ಟಾಗಿತ್ತು.