ಮಾವನ ಮ್ಯಾಂಡಮಸ್

ನಮ್ಮ ಸೋದರಮಾವನಿಗೆ ಕೇಳಿದ್ದನ್ನು ಯಾರಾದರೂ ಕೂಡಲೇ ಕೊಟ್ಟರೆ ಬೇಸರವಾಗುತ್ತದೆ! ಮೊದಲು ಅರ್ಜಿ ಕೊಡಬೇಕು, ಎದುರಿನವರು ಆಗುವುದಿಲ್ಲ ಅನ್ನಬೇಕು, ಆಮೇಲೆ ಹೋರಾಡಬೇಕು. ಇಲ್ಲದಿದ್ದರೆ ಅದೂ ಒಂದು ಬದುಕೇ? ಹೊಸದುರ್ಗದ ತಾಲ್ಲೂಕು ಕಚೇರಿ ಮುಂದೆ ಜನರಿಗೆ ಅರ್ಜಿ ಬರೆದುಕೊಡುವುದು ಅವರ ಕಸುಬು. ಮನೆಯಲ್ಲೂ ಅದೇ ಪದ್ಧತಿ. ಎರಡನೇ ಮುದ್ದೆ ಬೇಕಾದರೆ ಅತ್ತೆಯ ಮುಂದೆ ಚೀಟಿ ಇಟ್ಟು, ಅದರ ನಕಲಿನ ಮೇಲೆ 'ಸ್ವೀಕರಿಸಿದೆ' ಎಂದು ರುಜು ಕೇಳುತ್ತಾರೆ. ಅತ್ತೆ ಮದುವೆಯಾದಾಗಿನಿಂದ ಒಂದಕ್ಕೂ ರುಜು ಹಾಕಿದವರಲ್ಲ. ಮುದ್ದೆಯನ್ನು ಮಾತ್ರ ಹಾಕುತ್ತಾರೆ.

ಅತ್ತೆಗೆ ಮಂಡಿ ನೋವು. ಮಾಡದಕೆರೆ ಬಸ್ಸು ಅವರ ಮನೆಯ ತಿರುವನ್ನು ದಾಟಿಯೇ ಹೋಗುತ್ತದೆ, ಆದರೆ ನಿಲ್ಲುವುದು ಒಂದು ಮೈಲಿ ಆಚೆ. ತಿರುವಿನಲ್ಲೇ ನಿಲ್ಲಿಸಿ ಎಂದು ಮಾವ ಸಾರಿಗೆ ಇಲಾಖೆಗೆ ಅರ್ಜಿ ಕೊಟ್ಟರು. ಉತ್ತರ ಬರಲಿಲ್ಲ. ಸರಿ, ಹೈಕೋರ್ಟಿಗೇ ಹೋದರು! 'ನಿನ್ನ ಕೆಲಸ ಮಾಡು' ಎಂದು ಅಧಿಕಾರಿಗೆ ಕೋರ್ಟು ಕೊಡುವ ಆಜ್ಞೆಗೆ ಮ್ಯಾಂಡಮಸ್ ಅನ್ನುತ್ತಾರೆಂದು ಊರಿಗೆಲ್ಲ ಪಾಠ ಹೇಳಿದರು. ಅರ್ಜಿ ವಜಾ ಆಯಿತು. ಮೇಲ್ಮನವಿ ಹಾಕಿದರು. ತೀರ್ಪು ಬರುವವರೆಗೆ ಮನುಷ್ಯ ಒಂದು ಕಡೆ ಕುಳಿತರೆ ತಾನೆ? ಹಿತ್ತಿಲಿಗೂ ಬೀದಿಗೂ ಓಡಾಡಿ ಎರಡು ಜೊತೆ ಚಪ್ಪಲಿ ಸವೆಸಿದರು. ನೋಡಿ ನೋಡಿ ನನಗೇ ಕಾಲು ನೋವು ಬಂತು.

ಮೇಲ್ಮನವಿಯ ಪೀಠ ಅರ್ಧ ಗೆಲುವು ಕೊಟ್ಟಿತು. ಅರ್ಜಿಯನ್ನು ಪರಿಗಣಿಸಿ ಎಂದು ಇಲಾಖೆಗೆ ಹೇಳಬಲ್ಲೆವು, ಇಂಥದ್ದೇ ತೀರ್ಮಾನ ಮಾಡಿ ಎನ್ನಲಾರೆವು ಎಂದಿತು. ಇಲಾಖೆ ವಿಧೇಯತೆಯಿಂದ ಪರಿಗಣಿಸಿತು. ಅಷ್ಟೇ ವಿಧೇಯತೆಯಿಂದ ತಿರಸ್ಕರಿಸಿತು!

"ಅಷ್ಟು ದೊಡ್ಡ ಕೋರ್ಟಿಗೂ ಅಷ್ಟೇ ಅಧಿಕಾರ ಐತಂತೆ ಕಣಲೇ," ಎಂದು ಮಾವ ನನ್ನ ಮುಂದೆ ಮಂಕಾಗಿ ಕುಳಿತರು. ಅವರು ಕುಳಿತದ್ದನ್ನು ಕಂಡು ನನಗೆ ಭಯವಾಯಿತು.

ಅಷ್ಟರಲ್ಲಿ ಚಿತ್ರದುರ್ಗದ ಡಾಕ್ಟರು, ಮಂಡಿ ಆಪರೇಷನ್ ಆಗದಿದ್ದರೆ ಅತ್ತೆ ನಡೆಯುವುದೇ ಕಷ್ಟ ಎಂದರು. ಅತ್ತೆಗೆ ಕತ್ತರಿಯೆಂದರೆ ಹೆದರಿಕೆ, ಒಪ್ಪಲೇ ಇಲ್ಲ. ಎಲ್ಲರೂ ಬೈದೆವು. ಮಾವ ಮಾತ್ರ ಬೈಯಲಿಲ್ಲ, ಒಂದು ಅರ್ಜಿ ಬರೆದು ಅತ್ತೆಯ ಮುಂದಿಟ್ಟರು. ನಾನೂ ಬಗ್ಗಿ ಓದಿದೆ: 'ಆಪರೇಷನ್ ವಿಷಯ ಪರಿಗಣಿಸಬೇಕಾಗಿ ವಿನಂತಿ. ಇಂಥದ್ದೇ ತೀರ್ಮಾನ ಮಾಡು ಅನ್ನುವ ಅಧಿಕಾರ ನನಗಿಲ್ಲ. ನೀನು ಕುಂಟುವುದನ್ನು ನನ್ನಿಂದ ನೋಡಲಾಗುತ್ತಿಲ್ಲ.'

ಅತ್ತೆ ಎರಡು ಸಲ ಓದಿದರು.

"ಪೆನ್ನು ಕೊಡ್ರಿ," ಅಂದರು.

ಮೊಟ್ಟಮೊದಲ ಬಾರಿಗೆ ರುಜು ಹಾಕಿ, ಕೆಳಗೆ 'ಮಂಜೂರು' ಎಂದು ಬರೆದರು. ಅರ್ಜಿ ಮಂಜೂರಾದರೆ ಮುಂದೇನು ಮಾಡಬೇಕೆಂದು ಮಾವನಿಗೆ ಗೊತ್ತಿರಲಿಲ್ಲ. ಕಾಗದ ಹಿಡಿದುಕೊಂಡು ಅಲ್ಲೇ ಅತ್ತುಬಿಟ್ಟರು.